ರೋಟವೇಟರಿನ ಕಚ್ಚಿದ ಅಲಗು ಬಿಚ್ಚುವ ಬಗೆ



ಗದ್ದೆ ಕೆಲಸ ಮುಗಿದ ಮೇಲೆ ತೊಳೆಯದೆ ನಿಲ್ಲಿಸಿದ ರೋಟವೇಟರಿನ ಅಲಗುಗಳ ನಟ್ಟು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ. ಆತುರಪಟ್ಟರೆ ನಟ್ಟಿಗಿಂತ ಮೊದಲು ಕೈ ಹೋದೀತು.

ಮೊದಲು ಎಂಜಿನ್ ನಿಲ್ಲಿಸಿ, ಕೀಲಿ ಜೇಬಿಗೆ ಹಾಕಿಕೊಂಡು, ಪಿ.ಟಿ.ಓ. ಶಾಫ್ಟ್ ಕಳಚಬೇಕು. ಎತ್ತಿದ ಯಂತ್ರಕ್ಕೆ ಗಟ್ಟಿ ದಿಮ್ಮಿಗಳ ಆಸರೆ ಕೊಡಬೇಕು; ಹೈಡ್ರಾಲಿಕ್ ಒಂದನ್ನೇ ನಂಬಬಾರದು.

ಮಣ್ಣು ಕೆರೆದು, ತಂತಿ ಬ್ರಷ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ಮೆಲ್ಲಗೆ ತಟ್ಟಿ, ರಿಂಗ್ ಸ್ಪ್ಯಾನರ್‌ನಿಂದ ತಿರುಗಿಸಬೇಕು. ಬಾರದಿದ್ದರೆ ಕಣ್ಣಿಗೆ ಕನ್ನಡಕ ಹಾಕಿಕೊಂಡು ನಟ್ಟನ್ನು ಉಳಿಯಿಂದ ಸೀಳಬಹುದು. ಎಣ್ಣೆ ಬಿದ್ದ ಜಾಗಕ್ಕೆ ಬೆಂಕಿ ತೋರಬಾರದು.

ಒಂದು ಅಲಗು ತೆಗೆದ ಕೂಡಲೇ ಅಲ್ಲಿಗೆ ಅದೇ ದಿಕ್ಕಿನ ಹೊಸದನ್ನು ಹೊಸ ಬೋಲ್ಟಿನಿಂದ ಕೂಡಿಸಿದರೆ ಎಡ–ಬಲ ತಪ್ಪುವುದಿಲ್ಲ. ಕೆಲವು ಗಂಟೆ ಉತ್ತ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು. ಪ್ರತಿ ಸಲವೂ ತೊಳೆದು ಎಣ್ಣೆ ಸವರಿಟ್ಟರೆ ಮುಂದಿನ ಹಂಗಾಮಿಗೆ ಈ ಪಾಡಿಲ್ಲ.