ದೇಶದ ಅಂಕೆಗಳೂ ನಮ್ಮ ತೊಗರಿಯ ಕಣವೂ

(ಖಜೂರಿಯ ಮಹೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಈ ಶುಭಸಂದರ್ಭದಲ್ಲಿ ದೇಶದ ಆರ್ಥಿಕ ಸ್ಥಿತಿಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಶ್ರೀಗಳವರ ಅಪ್ಪಣೆಯಾಯಿತು. ಅದನ್ನು ಶಿರಸಾವಹಿಸಿ ತಮ್ಮ ಮುಂದೆ ನಿಂತಿದ್ದೇನೆ. ಧರ್ಮಸಭೆಯಲ್ಲಿ ಶೇಕಡಾವಾರಿನ ಮಾತು ಒಣ ಮಾತಾಗಿ ತೋರಬಹುದು. ಆದರೆ ಇಲ್ಲಿ ನೆರೆದವರಲ್ಲಿ ಬಹುಮಂದಿ ಎರೆಹೊಲದ ಒಕ್ಕಲುತನದವರು. ದಿಲ್ಲಿಯಲ್ಲಿ ಬರೆದ ಒಂದು ಅಂಕೆಯು ಆಳಂದದ ಅಡತಿ ಅಂಗಡಿಯ ತಕ್ಕಡಿಯವರೆಗೆ ಬಂದು ಮುಟ್ಟುವದನ್ನು ತಾವು ನನಗಿಂತ ಚೆನ್ನಾಗಿ ಬಲ್ಲಿರಿ. ಆದುದರಿಂದ ಆ ಅಂಕೆಗಳನ್ನು ಖಜೂರಿಯಲ್ಲಿ ನಿಂತು ಓದಿದರೆ ಹೇಗೆ ಕಾಣುವವು ಎಂಬಷ್ಟನ್ನೇ ಅರಿಕೆ ಮಾಡಿಕೊಳ್ಳುವೆನು.

ಒಂದು ಹಳೆಯ ಸಂಗತಿಯಿಂದ ಆರಂಭಿಸುತ್ತೇನೆ. 1948ರ ಸೆಪ್ಟೆಂಬರಿನವರೆಗೆ ಈ ಸೀಮೆಯು ನಿಜಾಮ ಸಂಸ್ಥಾನಕ್ಕೆ ಸೇರಿತ್ತು. ನಮ್ಮಲ್ಲಿ ನಡೆಯುತ್ತಿದ್ದುದು ಹಾಲಿ ಸಿಕ್ಕಾ. ಗಡಿಯಾಚೆ ಸೋಲಾಪುರದ ಪೇಟೆಯಲ್ಲಿ ನಡೆಯುತ್ತಿದ್ದುದು ಕಲ್ದಾರ ರೂಪಾಯಿ. ನೂರು ಕಲ್ದಾರಕ್ಕೆ ಸುಮಾರು ನೂರಾ ಹದಿನಾರೂ ಮುಕ್ಕಾಲು ಹಾಲಿ ರೂಪಾಯಿ ಕೊಡಬೇಕಾಗುತ್ತಿತ್ತು. ಎರಡಕ್ಕೂ ಹೆಸರು ರೂಪಾಯಿ ಎಂದೇ. ಹೀಗಾಗಿ ಗಡಿಯ ಜನರು ಯಾರಾದರೂ ‘ಇಷ್ಟು ರೂಪಾಯಿ ಲಾಭವಾಯಿತು’ ಎಂದರೆ, ‘ಯಾವ ರೂಪಾಯಿ?’ ಎಂದು ಮೊದಲು ಕೇಳಬೇಕಾಗುತ್ತಿತ್ತು. ಆ ನಾಣ್ಯಗಳು ಹೋದವು. ಆ ಪ್ರಶ್ನೆ ಮಾತ್ರ ಉಳಿಯಬೇಕಾಗಿತ್ತು. ಅದನ್ನೇ ಇಂದು ಮತ್ತೆ ಕೇಳಬೇಕಾಗಿದೆ.

ಮೊದಲನೆಯ ಅಂಕೆಯು ರಾಷ್ಟ್ರದ ಒಟ್ಟು ಉತ್ಪನ್ನ, ಎಂದರೆ ಪತ್ರಿಕೆಗಳವರು ಜಿ.ಡಿ.ಪಿ. ಎಂದು ಕರೆಯುವದು. 2011-12ನೆಯ ವರ್ಷವನ್ನು ಆಧಾರವಾಗಿಟ್ಟುಕೊಂಡ ಲೆಕ್ಕದಂತೆ, ಮಹಾಮಾರಿಯ ವರ್ಷವಾದ 2020-21ರಲ್ಲಿ ಅದು ಶೇಕಡಾ 5.8ರಷ್ಟು ಕುಗ್ಗಿತು. ಬಳಿಕ ಚೇತರಿಸಿಕೊಂಡು 2023-24ರಲ್ಲಿ ಶೇ. 9.2ರಷ್ಟು, 2024-25ರಲ್ಲಿ ಶೇ. 6.5ರಷ್ಟು ಬೆಳೆಯಿತು. 2025ರ ಜುಲೈಯಿಂದ ಸೆಪ್ಟೆಂಬರಿನವರೆಗಿನ ಮೂರು ತಿಂಗಳಿಗೆ ಮೊದಲು ಪ್ರಕಟವಾದ ಅಂಕೆ ಶೇ. 8.2. ದೊಡ್ಡ ರಾಷ್ಟ್ರಗಳಲ್ಲಿ ಇಂಥ ಬೆಳವಣಿಗೆ ವಿರಳವೇ ಸರಿ. ಅದನ್ನು ಅಲ್ಲಗಳೆಯುವ ಉದ್ದೇಶ ನನಗಿಲ್ಲ.

ಆದರೆ ಈ 8.2 ಎಂಬದು ಸ್ಥಿರ ಬೆಲೆಯ ಲೆಕ್ಕ. ಬೆಲೆಗಳ ಏರಿಳಿತವನ್ನು ಬದಿಗಿಟ್ಟು ವಸ್ತುಗಳ ಪ್ರಮಾಣವನ್ನಷ್ಟೇ ಅಳೆಯುವ ಕ್ರಮವದು. ಅದೇ ಮೂರು ತಿಂಗಳನ್ನು ನಡೆಯುವ ಬೆಲೆಯಲ್ಲಿ ಎಣಿಸಿದರೆ ಬೆಳವಣಿಗೆ ಶೇ. 8.7. ಈ ಎರಡರ ನಡುವೆ ಸಾಮಾನ್ಯವಾಗಿ ಮೂರು ನಾಲ್ಕು ಅಂಶಗಳ ಅಂತರವಿರುತ್ತಿತ್ತು. ಈ ಸಲ ಅರ್ಧ ಅಂಶ ಮಾತ್ರ. ಎಂದರೆ ಸರಕು ಹೆಚ್ಚಿತು, ಸರಕಿಗೆ ಬಂದ ಹಣ ಆ ಮಾನದಲ್ಲಿ ಹೆಚ್ಚಲಿಲ್ಲ.

ಇದರ ಅರ್ಥವನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯೋಣ. ಒಬ್ಬ ಒಕ್ಕಲಿಗನು ಹೋದ ವರ್ಷ ಹತ್ತು ಕ್ವಿಂಟಲ್ ತೊಗರಿಯನ್ನು ರಾಶಿ ಮಾಡಿ, ಕ್ವಿಂಟಲಿಗೆ ಹತ್ತು ಸಾವಿರದಂತೆ ಮಾರಿ ಒಂದು ಲಕ್ಷ ರೂಪಾಯಿ ತಂದನೆನ್ನಿರಿ. ಈ ವರ್ಷ ಹನ್ನೊಂದು ಕ್ವಿಂಟಲ್ ಬೆಳೆಯಿತು. ದರ ಏಳು ಸಾವಿರಕ್ಕೆ ಇಳಿಯಿತು. ಕೈಗೆ ಬಂದುದು ಎಪ್ಪತ್ತೇಳು ಸಾವಿರ. ಸ್ಥಿರ ಬೆಲೆಯ ಲೆಕ್ಕದಲ್ಲಿ ಆತನು ಶೇಕಡಾ ಹತ್ತರಷ್ಟು ಪ್ರಗತಿ ಹೊಂದಿದನು! ಮನೆಯ ಲೆಕ್ಕದಲ್ಲಿ ಇಪ್ಪತ್ಮೂರು ಸಾವಿರ ಕಡಿಮೆ ಬಿದ್ದಿತು. ಎರಡು ಲೆಕ್ಕಗಳೂ ನಿಜವೇ. ಆದರೆ ಸಾಲ ಕೊಟ್ಟವನು ಸ್ಥಿರ ಬೆಲೆಯಲ್ಲಿ ಸಾಲ ಹಿಂತಿರುಗಿ ಕೇಳುವದಿಲ್ಲ. ಮಗಳ ಮದುವೆಯ ಬಂಗಾರವೂ ಸ್ಥಿರ ಬೆಲೆಯಲ್ಲಿ ಸಿಗುವದಿಲ್ಲ. 2025ರ ಏಪ್ರಿಲಿನಲ್ಲಿ ಅದು ಹತ್ತು ಗ್ರಾಮಿಗೆ ಲಕ್ಷ ರೂಪಾಯಿಯನ್ನು ಮುಟ್ಟಿದ್ದನ್ನು ತಾಯಂದಿರು ಮರೆತಿರಲಾರರು.

ಎರಡನೆಯ ಅಂಕೆ ಬೆಲೆಯೇರಿಕೆಯದು. ಇದರ ಮೇಲೆಯೇ ನನ್ನ ಮುಖ್ಯ ಮಾತು ನಿಂತಿದೆ.

2016ರಲ್ಲಿ ಕಾಯದೆಯನ್ನು ತಿದ್ದಿ, ಬೆಲೆಯೇರಿಕೆಯನ್ನು ಶೇಕಡಾ ನಾಲ್ಕರ ಆಸುಪಾಸಿನಲ್ಲಿ, ಎಂದರೆ ಎರಡಕ್ಕೆ ಕಡಿಮೆಯಾಗದಂತೆ, ಆರಕ್ಕೆ ಮೀರದಂತೆ ಕಾಯುವ ಹೊಣೆಯನ್ನು ರಿಜರ್ವ್ ಬ್ಯಾಂಕಿಗೆ ವಹಿಸಲಾಯಿತು. 2022ರ ಏಪ್ರಿಲಿನಲ್ಲಿ ಏರಿಕೆಯು ಶೇ. 7.79ಕ್ಕೆ ಮುಟ್ಟಿ ಎಲ್ಲರಿಗೂ ಕಳವಳವನ್ನುಂಟುಮಾಡಿತು. ಅಲ್ಲಿಂದ ಇಳಿಯುತ್ತ ಏರುತ್ತ ಬಂದು, 2025ರ ಅಕ್ಟೋಬರಿನಲ್ಲಿ ಶೇ. 0.25ಕ್ಕೆ ಬಂದಿತು. 2012ನ್ನು ಆಧಾರವಾಗಿಟ್ಟು ಕಟ್ಟಿದ ಆ ಸೂಚ್ಯಂಕದಲ್ಲಿ ಅದುವರೆಗೆ ಅಷ್ಟು ಕೆಳಗಿನ ಅಂಕೆ ಕಂಡಿರಲಿಲ್ಲ. ಪಟ್ಟಣದ ಪತ್ರಿಕೆಗಳು ಹರ್ಷಪಟ್ಟವು. ಹರ್ಷಪಡಬೇಕಾದುದೂ ಅಹುದು, ದಿನಗೂಲಿಯವನಿಗೆ ಅಗ್ಗದ ಅನ್ನವೆಂದರೆ ಸಣ್ಣ ಮಾತಲ್ಲ.

ಈ ಇಳಿತವು ಎಲ್ಲಿಂದ ಬಂದಿತು? ಆ ತಿಂಗಳಲ್ಲಿ ಆಹಾರದ ಬೆಲೆಗಳು ಹಿಂದಿನ ವರ್ಷದ ಅದೇ ತಿಂಗಳಿಗಿಂತ ಶೇ. 5ರಷ್ಟು ಇಳಿದಿದ್ದವು, ಬೇಳೆಕಾಳುಗಳ ಬೆಲೆಯಂತೂ ಸುಮಾರು ಶೇ. 16ರಷ್ಟು. ಆ ಸೂಚ್ಯಂಕದಲ್ಲಿ ಬೇಳೆಕಾಳುಗಳಿಗೆಲ್ಲ ಸೇರಿಸಿ ಕೊಟ್ಟ ತೂಕ ನೂರರಲ್ಲಿ 2.38 ಮಾತ್ರ. ದೇಶದ ತಕ್ಕಡಿಯಲ್ಲಿ ಎರಡೂವರೆಗೂ ಕಡಿಮೆ ತೂಗುವ ಈ ಕಾಳು, ಕಲಬುರ್ಗಿಯ ಎರೆಹೊಲದಲ್ಲಿ ಒಂದು ಮನೆತನದ ವರ್ಷದ ಬದುಕೇ ಆಗಿರುವದು. ತೊಗರಿಯ ಕಣಜವೆಂದು ನಮ್ಮ ಜಿಲ್ಲೆಗೆ ಹೆಸರು. 2019ರಲ್ಲಿ ‘ಗುಲ್ಬರ್ಗಾ ತೊಗರಿ ಬೇಳೆ’ಗೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಕೊಳ್ಳುವವನ ಶುಭವಾರ್ತೆಯೂ ಬೆಳೆಯುವವನ ನಷ್ಟವೂ ಒಂದೇ ಅಂಕೆಯೊಳಗೆ ಅಡಗಿರುವವೆಂದು ನಾನು ಹೇಳುವದು ಇದಕ್ಕಾಗಿಯೇ.

ತೊಗರಿಯ ಚರಿತ್ರೆಯನ್ನು ಹತ್ತು ವರ್ಷ ಹಿಂದಕ್ಕೆ ಹೋಗಿ ನೋಡಬೇಕು. 2015ರಲ್ಲಿ ಪಟ್ಟಣಗಳಲ್ಲಿ ತೊಗರಿಬೇಳೆಯು ಕಿಲೋಗೆ ಇನ್ನೂರು ರೂಪಾಯಿಯವರೆಗೆ ಏರಿತು. ಆ ದರವನ್ನು ಕಂಡು ದೇಶದ ಉದ್ದಗಲಕ್ಕೂ ಜನರು ತೊಗರಿ ಬಿತ್ತಿದರು; ಮಳೆಯೂ ಕೈಹಿಡಿಯಿತು. 2015-16ರಲ್ಲಿ ಸುಮಾರು 25 ಲಕ್ಷ ಟನ್ ಇದ್ದ ಬೆಳೆಯು 2016-17ರಲ್ಲಿ 48 ಲಕ್ಷ ಟನ್ನಿಗೆ ಮೀರಿತು. ಫಲವೇನು? ಬೋನಸ್ ಸೇರಿ 5,050 ರೂಪಾಯಿಯೆಂದು ನಿಗದಿಯಾಗಿದ್ದ ಬೆಂಬಲ ಬೆಲೆಗಿಂತ ಪೇಟೆಯ ಧಾರಣೆ ಕೆಳಗಿಳಿಯಿತು. ಹೆಚ್ಚು ಬೆಳೆದುದೇ ತಪ್ಪಾಯಿತೇ ಎಂದು ಒಕ್ಕಲಿಗನು ಕೇಳಿದರೆ ಉತ್ತರ ಕೊಡುವವರಿರಲಿಲ್ಲ.

ಚಕ್ರವು ಮತ್ತೊಮ್ಮೆ ತಿರುಗಿತು. 2022ರ ಮುಂಗಾರಿ ಬೆಳೆಗೆ ನಮ್ಮಲ್ಲಿ ನೆಟೆರೋಗ ಬಿದ್ದು ಹೊಲಗಳು ನಿಂತಲ್ಲಿಯೇ ಒಣಗಿದವು. ಬೆಳೆ ಕಡಿಮೆಯಾದುದರಿಂದ ಮುಂದೆ ಕ್ವಿಂಟಲಿನ ದರವು ಹತ್ತು ಸಾವಿರವನ್ನು ದಾಟಿತು. ಆಗ ಸರಕಾರವು ಕೊಳ್ಳುವವರ ಕೂಗನ್ನು ಕೇಳಿ, 2023ರ ಜೂನಿನಲ್ಲಿ ವರ್ತಕರ ದಾಸ್ತಾನಿಗೆ ಮಿತಿ ಹಾಕಿತು. 2021ರಿಂದ ತೆರೆದಿದ್ದ ಸುಂಕವಿಲ್ಲದ ಆಮದಿನ ಬಾಗಿಲನ್ನು ವರ್ಷದಿಂದ ವರ್ಷಕ್ಕೆ ಮುಂದುವರಿಸಿ 2026ರ ಮಾರ್ಚಿನವರೆಗೂ ತೆರೆದೇ ಇಟ್ಟಿತು. ಮೊಜಾಂಬಿಕ್, ಟಾಂಜಾನಿಯಾ, ಮಲಾವಿ, ಬರ್ಮಾ ದೇಶಗಳ ತೊಗರಿ ಹಡಗೇರಿ ಬಂದಿತು. 2024-25ರಲ್ಲಿ ಹೀಗೆ ಬಂದುದು ಸುಮಾರು 12 ಲಕ್ಷ ಟನ್. ದೇಶದಲ್ಲಿ ಬೆಳೆದುದರ ಮೂರನೆಯ ಒಂದು ಪಾಲು. 2025ರ ಆರಂಭದಲ್ಲಿ ನಮ್ಮ ರಾಶಿ ಪೇಟೆಗೆ ಬರುವ ಹೊತ್ತಿಗೆ ಧಾರಣೆಯು 7,550 ರೂಪಾಯಿಯ ಬೆಂಬಲ ಬೆಲೆಗಿಂತಲೂ ಕೆಳಗಿತ್ತು. ರಾಜ್ಯ ಸರಕಾರವು 450 ರೂಪಾಯಿ ಸೇರಿಸಿ ಎಂಟು ಸಾವಿರ ಮಾಡಿತು. ಕೇಂದ್ರವು 2025-26ಕ್ಕೆ ಬೆಂಬಲ ಬೆಲೆಯನ್ನೇ ಎಂಟು ಸಾವಿರಕ್ಕೆ ಏರಿಸಿತು. 2028-29ರವರೆಗೆ ತೊಗರಿಯನ್ನೆಲ್ಲ ಕೊಳ್ಳಲು ಸಿದ್ಧವೆಂದೂ ಸಾರಿತು. ಇವು ಒಳ್ಳೆಯ ಮಾತುಗಳೇ. ಆದರೆ ಖರೀದಿ ಕೇಂದ್ರದ ಬಾಗಿಲು ತೆರೆದು, ಹೆಸರು ಹಚ್ಚಿ, ಸರದಿ ಬಂದು, ಹಣ ಖಾತೆಗೆ ಬೀಳುವವರೆಗೆ ಕಾಯಬಲ್ಲವನಿಗೆ ಮಾತ್ರ ಬೆಂಬಲ ಬೆಲೆ. ರಾಶಿಯಾದ ವಾರದಲ್ಲಿಯೇ ಕೈಗಡ ತೀರಿಸಬೇಕಾದವನಿಗೆ ಅಡತಿಯವನು ಹೇಳಿದ್ದೇ ಬೆಲೆ.

2025ರಲ್ಲಿ ಇನ್ನೊಂದು ವಿಪರೀತವಾಯಿತು. ಆಗಸ್ಟ್–ಸೆಪ್ಟೆಂಬರಿನ ಅತಿವೃಷ್ಟಿಯಿಂದಲೂ ಭೀಮೆಯ ಮಹಾಪೂರದಿಂದಲೂ ಅಫಜಲಪುರ, ಜೇವರ್ಗಿ ಮೊದಲಾದ ಕಡೆ ಪೈರು ನೀರುಪಾಲಾಯಿತು. ಬೆಳೆ ಹೋದರೆ ಬೆಲೆಯಾದರೂ ಬರುವದೆಂಬುದು ಹಳೆಯ ಸಮಾಧಾನ. ಈ ಸಲ ಅದೂ ಸಿಗಲಿಲ್ಲ. ಬೆಲೆಯನ್ನು ಕಟ್ಟುವವನು ಈಗ ಭೀಮೆಯ ದಡದಲ್ಲಿ ಮಾತ್ರವಲ್ಲ, ಆಫ್ರಿಕದ ಬಂದರದಲ್ಲಿಯೂ ಇದ್ದಾನೆ.

ಇದನ್ನು ಕೇಳಿ ಬೇಳೆ ತುಟ್ಟಿಯಾಗಲೆಂದು ನಾನು ಹಾರೈಸುತ್ತೇನೆಂದು ಯಾರೂ ಭಾವಿಸಬಾರದು. ಖಜೂರಿಯಲ್ಲಿಯೇ ಹೊಲವಿಲ್ಲದವರಿದ್ದಾರೆ. ಹೊಲವಿದ್ದವನೂ ಪುಷ್ಯದಲ್ಲಿ ತೊಗರಿ ಮಾರಿ ಆಷಾಢದಲ್ಲಿ ಬೇಳೆ ಕೊಳ್ಳುವವನೇ. ನನ್ನ ಆಕ್ಷೇಪಣೆ ಇಷ್ಟೇ: ದರ ಏರಿದಾಗ ಕಟ್ಟಳೆಗಳು ವಾರದೊಳಗೆ ಬರುತ್ತವೆ, ದರ ಇಳಿದಾಗ ಬರುವ ನೆರವಿಗೆ ಋತುವೇ ಕಳೆದುಹೋಗುತ್ತದೆ. ಏಕೆಂದರೆ ಮೊದಲನೆಯದು ಸೂಚ್ಯಂಕದಲ್ಲಿ ರೋಗವೆಂದು ಕಾಣುವದು, ಎರಡನೆಯದು ಆರೋಗ್ಯವೆಂದು.

ಬಡ್ಡಿಯ ವಿಷಯವನ್ನು ಎರಡೇ ಮಾತಿನಲ್ಲಿ ಮುಗಿಸುವೆನು. ಬೆಲೆಗಳು ಇಳಿದುದರಿಂದ ರಿಜರ್ವ್ ಬ್ಯಾಂಕು ತನ್ನ ರೆಪೋ ದರವನ್ನು 2025ರ ಫೆಬ್ರುವರಿಯಿಂದ ಡಿಸೆಂಬರಿನೊಳಗೆ ಶೇ. 6.5ರಿಂದ 5.25ಕ್ಕೆ ಇಳಿಸಿತು. ಪಟ್ಟಣದಲ್ಲಿ ಮನೆಸಾಲ ಮಾಡಿದವರಿಗೆ ಅನುಕೂಲವಾಯಿತು. ಸಹಕಾರಿ ಸಂಘದಿಂದ ಬಡ್ಡಿಯಿಲ್ಲದ ಬೆಳೆಸಾಲ ಪಡೆದವನಿಗೆ ಇದರಿಂದ ಹೊಸದೇನೂ ಇಲ್ಲ; ನೂರಕ್ಕೆ ತಿಂಗಳಿಗೆ ಎರಡು ಮೂರು ರೂಪಾಯಿಯಂತೆ ಕೈಗಡ ತಂದವನಿಗೂ ಏನೂ ಇಲ್ಲ, ಆ ಸಾಹುಕಾರನು ರೆಪೋ ದರವನ್ನು ಓದುವವನಲ್ಲ.

ಇನ್ನು ಉದ್ಯೋಗದ ಅಂಕೆ. ನಿರುದ್ಯೋಗವು 2017-18ರಲ್ಲಿ ಶೇ. 6.1 ಇದ್ದುದು 2023-24ರಲ್ಲಿ 3.2ಕ್ಕೆ ಇಳಿಯಿತು. ಇದೂ ಶುಭವಾರ್ತೆಯೇ. ಆದರೆ ಅದೇ ಸಮೀಕ್ಷೆಯ ಇನ್ನೊಂದು ಪುಟವನ್ನು ತಿರುವಿರಿ: ದೇಶದ ದುಡಿಯುವ ಜನರಲ್ಲಿ ಒಕ್ಕಲುತನದ ಮೇಲೆ ನಿಂತವರು 2018-19ರಲ್ಲಿ ಶೇ. 42.5 ಇದ್ದರು, 2023-24ರಲ್ಲಿ 46.1 ಆದರು. ಉತ್ಪನ್ನದಲ್ಲಿ ಒಕ್ಕಲುತನದ ಪಾಲು ಐದನೆಯ ಒಂದಂಶಕ್ಕೂ ಕಡಿಮೆ. ದೇಶ ಮುಂದುವರಿದಂತೆ ಜನರು ಹೊಲದಿಂದ ಕಾರಖಾನೆಗೆ ಹೋಗುವರೆಂದು ಗ್ರಂಥಗಳು ಹೇಳುತ್ತವೆ. ಇಲ್ಲಿ ಪುಣೆ, ಮುಂಬಯಿ, ಬೆಂಗಳೂರುಗಳಿಂದ 2020ರಲ್ಲಿ ನಡೆದು ಬಂದ ನಮ್ಮ ಮಕ್ಕಳಲ್ಲಿ ಅನೇಕರನ್ನು ಹೊಲವೇ ಮತ್ತೆ ತನ್ನೊಳಗೆ ತೆಗೆದುಕೊಂಡಿತು. ಅವರು ನಿರುದ್ಯೋಗಿಗಳಲ್ಲ, ನಿಜ. ನಾಲ್ವರು ಮಾಡುತ್ತಿದ್ದ ಕೆಲಸವನ್ನು ಆರು ಜನ ಮಾಡುವದಕ್ಕೆ ಯಾವ ಹೆಸರು ಕೊಡಬೇಕೋ ತಿಳಿಯದು.

ಡಾ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ರಾಜ್ಯದ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಅದರಲ್ಲಿದ್ದವು. ಆ ವರದಿಯ ಬೆಲೆಯಿರುವದು ಅದರ ಶಿಫಾರಸುಗಳಲ್ಲಿ ಮಾತ್ರವಲ್ಲ; ರಾಜ್ಯದ ಸರಾಸರಿಯನ್ನು ಒಡೆದು ತಾಲೂಕಿನವರೆಗೆ ಇಳಿದು ನೋಡಿತಲ್ಲ, ಅದರಲ್ಲಿ. ತಾಲೂಕಿನಿಂದ ಗ್ರಾಮಕ್ಕೆ ಇಳಿಯುವ ಕೆಲಸ ನಮ್ಮದೇ ಆಗಬೇಕಾಗಿದೆ.

ಅದಕ್ಕೊಂದು ಸಣ್ಣ ಸೂಚನೆಯನ್ನು ಶ್ರೀಗಳವರ ಸನ್ನಿಧಿಯಲ್ಲಿ ಇಡುತ್ತೇನೆ. ದಾಸೋಹ ನಡೆಯುವ ಮಠದಲ್ಲಿ ಬೇಳೆ ಕೊಳ್ಳುವದು ನಿತ್ಯದ ಕೆಲಸ. ಕೊಂಡ ದಿನವೂ ದರವೂ ಕಿರ್ದಿಯಲ್ಲಿ ಬರೆಯಲ್ಪಡುವವು. ಅದೇ ಸಾಲಿನ ಪಕ್ಕದಲ್ಲಿ, ಆ ವಾರ ಆಳಂದದ ಪೇಟೆಯಲ್ಲಿ ತೊಗರಿ ಯಾವ ದರಕ್ಕೆ ಹೋಯಿತೆಂಬುದನ್ನು ಭಕ್ತರಲ್ಲೊಬ್ಬರು ಬರೆಯಿಸುತ್ತ ಬರಲಿ. ಕ್ವಿಂಟಲ್ ತೊಗರಿಯನ್ನು ಒಡೆದರೆ ಸುಮಾರು ಎಪ್ಪತ್ತು ಕಿಲೋ ಬೇಳೆ ದೊರೆಯುವದೆಂಬುದು ಎಲ್ಲರಿಗೂ ಗೊತ್ತಿರುವದರಿಂದ, ಎರಡು ದರಗಳ ನಡುವಿನ ಅಂತರವನ್ನು ಶಾಲೆಯ ಹುಡುಗನೂ ಲೆಕ್ಕ ಹಾಕಬಲ್ಲನು. ಐದು ವರ್ಷ ಹೀಗೆ ಬರೆದರೆ, ದಿಲ್ಲಿಯಿಂದ ಅಂಕೆ ಬಂದ ದಿನ ಅದನ್ನು ಇಟ್ಟು ನೋಡಲು ನಮ್ಮದೇ ಒಂದು ಪುಸ್ತಕ ಇರುವದು. ಬರುವ ಸಂಕ್ರಾಂತಿಯ ಹೊತ್ತಿಗೆ ಹೊಸ ತೊಗರಿ ಪೇಟೆಗೆ ಬಂದಾಗ ಮೊದಲನೆಯ ಸಾಲು ಬರೆಯಲ್ಪಡಲಿ ಎಂದು ಬೇಡಿಕೊಳ್ಳುತ್ತೇನೆ.