ಹಬ್ಬದ ಮರುದಿನ

(ಶತಮಾನೋತ್ಸವದ ಪೂರ್ವಸಿದ್ಧತಾ ಸಭೆಯಲ್ಲಿ ಸ್ವಾಗತ ಸಮಿತಿಯ ಪರವಾಗಿ ಮಾಡಿದ ಭಾಷಣ)



ನಮ್ಮ ದೇವಾಲಯದ ಗಂಟೆ ಮೊದಲ ಬಾರಿಗೆ ಮೊಳಗಿ ನೂರು ವರ್ಷಗಳು ತುಂಬುತ್ತಿರುವ ಈ ಪುಣ್ಯಕಾಲದಲ್ಲಿ ಇಲ್ಲಿ ನೆರೆದಿರುವ ನಾವೆಲ್ಲರೂ ಧನ್ಯರು. ಮುಳಿಹುಲ್ಲಿನ ಮಾಡಿನ ಕೆಳಗೆ ಆರಂಭವಾದ ಪ್ರಾರ್ಥನಾಮಂದಿರವನ್ನು ಇಂದಿನ ದೇವಾಲಯವಾಗಿ ಬೆಳೆಸಿದ ಗುರುಗಳನ್ನೂ ಹಿರಿಯರನ್ನೂ ನಮಗಿಂತ ಸಮರ್ಥರು ಈಗಾಗಲೇ ಸ್ಮರಿಸಿದ್ದಾರೆ. ಸ್ವಾಗತ ಸಮಿತಿಯವರಾದ ನಮಗೆ ಒಪ್ಪಿಸಲಾದ ವಿಷಯ ಅದಕ್ಕಿಂತ ಸಣ್ಣದು. ಮುಂಬರುವ ಮಹೋತ್ಸವವನ್ನು ದೇವರ ಸೃಷ್ಟಿಗೆ ಹಾನಿಯಾಗದಂತೆ ನಡೆಸುವುದು ಹೇಗೆ ಎಂಬುದೇ ಆ ವಿಷಯ. ಚಪ್ಪರ, ಊಟದ ತಟ್ಟೆ, ಕಸದ ಬುಟ್ಟಿ ಇವುಗಳ ಮಾತನ್ನು ಇಂಥ ಪವಿತ್ರ ಸಂದರ್ಭದಲ್ಲಿ ಆಡಬೇಕೇ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ನಮಗೂ ಹಾಗೆಯೇ ಅನ್ನಿಸಿತ್ತು. ಆ ಅಭಿಪ್ರಾಯ ಬದಲಾದದ್ದು ಒಂದು ಸೋಮವಾರದ ಬೆಳಿಗ್ಗೆ.

ಶತಮಾನೋತ್ಸವ ವರ್ಷದ ಉದ್ಘಾಟನೆಯನ್ನು ನಾವು ಎಷ್ಟು ವೈಭವದಿಂದ ನಡೆಸಿದೆವೆಂಬುದು ತಮಗೆಲ್ಲ ತಿಳಿದಿದೆ. ಮುಖ್ಯ ರಸ್ತೆಯಿಂದ ಶಿಲುಬೆಯ ಕಟ್ಟೆಯವರೆಗೆ ಫ್ಲೆಕ್ಸ್ ಫಲಕಗಳು ಸಾಲುಗಟ್ಟಿ ನಿಂತಿದ್ದವು. ವೇದಿಕೆಗೆ ಥರ್ಮೋಕೋಲಿನ ದೇವದೂತರು, ಊಟಕ್ಕೆ ಬೆಳ್ಳಿಬಣ್ಣ ಬಳಿದ ತಟ್ಟೆಗಳು, ಪ್ರತಿಯೊಬ್ಬರ ಕೈಗೂ ನೀರಿನ ಬಾಟಲಿ. ಬಂದವರೆಲ್ಲ ಮೆಚ್ಚಿಕೊಂಡರು, ನಾವೂ ಹಿಗ್ಗಿದೆವು.

ಮರುದಿನ ಬೆಳಿಗ್ಗೆ ಕೃತಜ್ಞತಾ ಬಲಿಪೂಜೆ ಇತ್ತು. ದೇವಾಲಯಕ್ಕೆ ಬರುತ್ತಿದ್ದಾಗ ಮೈದಾನದಲ್ಲಿ ಐವರು ಪೌರಕಾರ್ಮಿಕ ಮಹಿಳೆಯರು ಎಂಜಲು ಅಂಟಿದ ತಟ್ಟೆಗಳನ್ನು ಕೈಯಿಂದ ಬೇರ್ಪಡಿಸುತ್ತಿದ್ದುದನ್ನು ಕಂಡೆವು. ಅವರಲ್ಲಿ ಇಬ್ಬರು ನಮ್ಮ ವಿಚಾರಣೆಗೇ ಸೇರಿದವರು. ಪೂಜೆಗೆ ಬರುವುದಿಲ್ಲವೇ ಎಂದು ಕೇಳಿದೆವು. ಇದನ್ನು ಮುಗಿಸಿ ಬರುತ್ತೇವೆ ಎಂದರು. ನಾವು ಒಳಗೆ ಸ್ತುತಿಗೀತೆಗಳನ್ನು ಹಾಡಿದೆವು, ಪರಮಪ್ರಸಾದವನ್ನು ಸ್ವೀಕರಿಸಿದೆವು, ಅಂತಿಮ ಆಶೀರ್ವಾದವನ್ನೂ ಪಡೆದೆವು. ಹೊರಗೆ ಬಂದಾಗ ಅವರ ಕೆಲಸ ಇನ್ನೂ ಮುಗಿದಿರಲಿಲ್ಲ.

ಅಷ್ಟಕ್ಕೇ ನಿಲ್ಲಲಿಲ್ಲ. ಲಾರಿಯಲ್ಲಿ ಹಿಡಿಸದೆ ಉಳಿದ ಕಸವನ್ನು ಅಂದು ಸಂಜೆ ಸಮಾಧಿಭೂಮಿಯ ಹಿಂದೆ ರಾಶಿ ಹಾಕಿ ನಾವೇ ಬೆಂಕಿ ಹಚ್ಚಿದೆವು. ಫ್ಲೆಕ್ಸ್ ಎಂಬುದು ಪಿವಿಸಿ ಎಂಬ ಪ್ಲಾಸ್ಟಿಕ್ ಲೇಪಿಸಿದ ಬಟ್ಟೆ. ಅದು ಸುಟ್ಟಾಗ ಶ್ವಾಸನಾಳವನ್ನು ಉರಿಸುವ ಹೈಡ್ರೋಜನ್ ಕ್ಲೋರೈಡ್ ಅನಿಲವೂ ದೀರ್ಘಕಾಲ ಮಣ್ಣಿನಲ್ಲಿ ಉಳಿಯಬಲ್ಲ ಡಯಾಕ್ಸಿನ್ ಎಂಬ ವಿಷವೂ ಹೊರಬರುತ್ತವೆ. ಗೋಡೆಯ ಆಚೆಯ ಮನೆಯಲ್ಲಿ ಹಾಸಿಗೆ ಹಿಡಿದಿದ್ದ ವೃದ್ಧರೊಬ್ಬರು ರಾತ್ರಿಯಿಡೀ ಕೆಮ್ಮಿದರೆಂದು ಮರುದಿನ ತಿಳಿಯಿತು. ಅವರು ಅನ್ಯಧರ್ಮದವರು, ನಮ್ಮ ಹಬ್ಬಕ್ಕೆ ಪ್ರತಿ ವರ್ಷವೂ ಬಾಳೆಗೊನೆ ಕಳುಹಿಸಿಕೊಡುತ್ತಿದ್ದವರು. ಈ ತಪ್ಪು ಸ್ವಾಗತ ಸಮಿತಿಯವರಾದ ನಮ್ಮದೇ. ಅದನ್ನು ತಮ್ಮ ಮುಂದೆ ಒಪ್ಪಿಕೊಳ್ಳದೆ ಮುಂದಿನ ಮಾತನ್ನಾಡುವ ಹಕ್ಕು ನಮಗಿಲ್ಲ.

ಬಂಧುಗಳೇ, ಹಬ್ಬ ಎಷ್ಟು ಚೆನ್ನಾಗಿ ನಡೆಯಿತೆಂಬುದನ್ನು ಹಬ್ಬದ ದಿನದಿಂದ ಅಳೆಯುವುದು ನಮ್ಮ ರೂಢಿ. ಅದನ್ನು ಮರುದಿನದಿಂದಲೂ ಅಳೆಯಬೇಕೆಂಬುದೇ ಇಂದು ನಾವು ಹೇಳಬಯಸುವ ಒಂದೇ ಮಾತು. ನಾವು ಎದ್ದುಹೋದ ಬಳಿಕ ಮೈದಾನದಲ್ಲಿ ಏನು ಉಳಿಯುತ್ತದೆ, ಅದನ್ನು ಯಾರು ಹೊರುತ್ತಾರೆ, ಅದು ಯಾರ ಬಾವಿಗೆ, ಯಾರ ಹಸುವಿನ ಹೊಟ್ಟೆಗೆ, ಯಾರ ಶ್ವಾಸಕ್ಕೆ ಸೇರುತ್ತದೆ ಎಂಬ ಪ್ರಶ್ನೆಗಳಿಗೆ ಮೊದಲೇ ಉತ್ತರ ಕಂಡುಕೊಳ್ಳುವುದೇ ಪರಿಸರಸ್ನೇಹಿ ಯೋಜನೆ.

ಇದು ಹೊರಗಿನಿಂದ ಬಂದ ಹೊಸ ವಿಚಾರವೇನೂ ಅಲ್ಲ. ಶುಭಸಂದೇಶದಲ್ಲಿ ಯೇಸುಸ್ವಾಮಿ ಐದು ಸಾವಿರ ಮಂದಿಗೆ ಉಣಬಡಿಸಿದ ಪ್ರಸಂಗವನ್ನು ನೆನೆಯೋಣ. ಪ್ರಭು ಮೊದಲು ಜನರನ್ನು ಹಸಿರು ಹುಲ್ಲಿನ ಮೇಲೆ ಕುಳ್ಳಿರಿಸಿದರು. ನೂರರ, ಐವತ್ತರ ಪಂಕ್ತಿಗಳಾಗಿ ಅವರು ಕುಳಿತರೆಂದು ಸಂತ ಮಾರ್ಕನು ತಿಳಿಸುತ್ತಾನೆ. ಎಲ್ಲರೂ ತೃಪ್ತರಾದ ಬಳಿಕ, ಏನೂ ಹಾಳಾಗದಂತೆ ಉಳಿದ ತುಂಡುಗಳನ್ನು ಕೂಡಿಸಿರಿ ಎಂದು ಪ್ರಭು ಶಿಷ್ಯರಿಗೆ ಆಜ್ಞಾಪಿಸಿದ್ದನ್ನು ಸಂತ ಯೊವಾನ್ನನು ವಿಶೇಷವಾಗಿ ದಾಖಲಿಸಿದ್ದಾನೆ. ಹನ್ನೆರಡು ಬುಟ್ಟಿಗಳು ತುಂಬಿದವು. ಐದು ರೊಟ್ಟಿಗಳನ್ನು ಸಹಸ್ರಾರು ಜನರಿಗೆ ಹಂಚಬಲ್ಲ ಪ್ರಭುವಿಗೆ ತುಂಡುಗಳ ಕೊರತೆಯಿತ್ತೇ? ಇರಲಿಲ್ಲ. ಆದರೂ ಕೂಡಿಸುವ ಕೆಲಸವನ್ನು ಅವರು ಬಿಡಲಿಲ್ಲ. ಆ ಕೆಲಸವನ್ನು ಬೇರೆಯವರಿಗೆ ಬಿಡದೆ ತಮ್ಮ ಪ್ರೇಷಿತರಿಗೇ ವಹಿಸಿದರು.

ನಮ್ಮ ಕರಾವಳಿಯ ಹಿರಿಯರ ಹಬ್ಬಗಳೂ ಇದೇ ಬಗೆಯವು. ಸಪ್ಟೆಂಬರ್ 8ರಂದು ನಾವು ಆಚರಿಸುವ ಮಾತೆ ಮರಿಯಳ ಜನನೋತ್ಸವವನ್ನು, ಅಂದರೆ ಮೋಂತಿ ಹಬ್ಬವನ್ನು ನೋಡಿರಿ. ಒಂಬತ್ತು ದಿನ ಮಕ್ಕಳು ಮನೆಯ ಅಂಗಳದ ಹೂಗಳನ್ನು ಬುಟ್ಟಿಗಳಲ್ಲಿ ತಂದು ಬಾಲೆ ಮರಿಯಳಿಗೆ ಅರ್ಪಿಸುತ್ತಾರೆ. ಗದ್ದೆಯ ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚಲಾಗುತ್ತದೆ. ಹಿರಿಯರು ಹೊಸ ಅಕ್ಕಿಯನ್ನು ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರೆಸಿ ಕುಟುಂಬದವರಿಗೆಲ್ಲ ಕೊಡುತ್ತಾರೆ. ಊಟ ಬಾಳೆ ಎಲೆಯ ಮೇಲೆ, ತರಕಾರಿ ಹಿತ್ತಲಿನದು. ಆ ಹಬ್ಬದಿಂದ ಉಳಿಯುವುದು ಬಾಡಿದ ಹೂ ಮತ್ತು ಉಂಡ ಎಲೆ ಮಾತ್ರ. ಎರಡೂ ತೆಂಗಿನ ಬುಡಕ್ಕೆ ಸಲ್ಲುತ್ತವೆ. ನಮ್ಮ ಹಿರಿಯರು ಪರಿಸರವಾದಿಗಳಾಗಿದ್ದರೆಂದು ನಾವು ಹೊಗಳುತ್ತಿಲ್ಲ. ಅವರ ಕೈಯಲ್ಲಿ ಬೇರೇನೂ ಇರಲಿಲ್ಲ. ನಮ್ಮ ಮುಂದೆ ಬೇರೆ ದಾರಿಗಳಿವೆ. ಆದುದರಿಂದ ಅವರು ಅನಿವಾರ್ಯವಾಗಿ ಮಾಡಿದ್ದನ್ನು ನಾವು ಮನಃಪೂರ್ವಕವಾಗಿ ಮಾಡಬೇಕಾಗಿದೆ. ಆಶೀರ್ವದಿಸುವ ತೆನೆಗಾಗಿಯೇ ಇಂದು ದೂರದ ಗದ್ದೆಯನ್ನು ಹುಡುಕಿಕೊಂಡು ಹೋಗಬೇಕಾಗಿದೆ ಎಂಬುದನ್ನು ನೆನೆದರೆ ವಿಷಯದ ಗಾಂಭೀರ್ಯ ಅರಿವಾದೀತು.

ಧರ್ಮಸಭೆಯ ಬೋಧನೆಯೂ ಸ್ಪಷ್ಟವಾಗಿದೆ. ಸೃಷ್ಟಿಯನ್ನೆಲ್ಲ ಸೋದರ ಸೋದರಿಯರೆಂದು ಕರೆದ ಅಸ್ಸಿಸಿಯ ಸಂತ ಫ್ರಾನ್ಸಿಸರನ್ನು ಜಗದ್ಗುರು ದ್ವಿತೀಯ ಜಾನ್ ಪೌಲರು 1979ರಲ್ಲಿ ಪರಿಸರಪ್ರೇಮಿಗಳ ಪಾಲಕ ಸಂತರೆಂದು ಘೋಷಿಸಿದರು. ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ವಿಶ್ವಪರಿಪತ್ರದಲ್ಲಿ ಭೂಮಿಯ ಗೋಳನ್ನೂ ಬಡವರ ಗೋಳನ್ನೂ ಒಟ್ಟಿಗೆ ಆಲಿಸಬೇಕೆಂದು ಬೋಧಿಸಿದರು. ಪ್ಲಾಸ್ಟಿಕ್ ಬಳಕೆಯನ್ನು ತಗ್ಗಿಸುವುದು, ಉಣ್ಣುವಷ್ಟೇ ಬೇಯಿಸುವುದು, ಕಸವನ್ನು ಬೇರ್ಪಡಿಸುವುದು ಮೊದಲಾದ ಸಣ್ಣ ಕೆಲಸಗಳಿಗೂ ಆ ಪತ್ರದಲ್ಲಿ ಸ್ಥಾನವಿದೆ. ಮೈದಾನದಲ್ಲಿ ಕಂಡ ಆ ಸೋದರಿಯರಿಂದ ನಾವು ಕಲಿತದ್ದೂ ಇದನ್ನೇ: ಭೂಮಿಗೆ ಎಸಗುವ ಅನ್ಯಾಯದ ಹೊರೆ ಮೊದಲು ಬೀಳುವುದು ಬಡವರ ಬೆನ್ನಿನ ಮೇಲೆ.

ಕಾನೂನಿನ ಮಾತನ್ನೂ ಸಂಕ್ಷೇಪವಾಗಿ ಹೇಳಿಬಿಡುತ್ತೇವೆ. ಫ್ಲೆಕ್ಸ್, ಪ್ಲಾಸ್ಟಿಕ್ ತೋರಣ, ಪ್ಲಾಸ್ಟಿಕ್ ತಟ್ಟೆ ಲೋಟಗಳು, ಊಟದ ಮೇಜಿಗೆ ಹಾಸುವ ಪ್ಲಾಸ್ಟಿಕ್ ಹಾಳೆ ಇವುಗಳನ್ನು ಕರ್ನಾಟಕ ಸರ್ಕಾರವು 2016ರ ಮಾರ್ಚ್‌ನಲ್ಲಿಯೇ ನಿಷೇಧಿಸಿತು. ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೂ ಅಲಂಕಾರದ ಥರ್ಮೋಕೋಲಿಗೂ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧ ಬಂದಿತು. ನಮ್ಮ ಉದ್ಘಾಟನಾ ಸಮಾರಂಭ ಇವೆಲ್ಲವನ್ನೂ ಮೀರಿತ್ತು. ಸತ್ಪ್ರಜೆಗಳಾಗಿರಿ ಎಂದು ಮಕ್ಕಳಿಗೆ ಧರ್ಮೋಪದೇಶದಲ್ಲಿ ಕಲಿಸುವ ನಾವು ಇದಕ್ಕೆ ಏನು ಸಮಜಾಯಿಷಿ ಹೇಳಬಲ್ಲೆವು?

ಆದ್ದರಿಂದ ಕಳೆದ ಮೋಂತಿ ಹಬ್ಬದಂದು ಒಂದು ಪ್ರಯೋಗ ಮಾಡಿದೆವು. ಫ್ಲೆಕ್ಸ್ ಬಿಟ್ಟು ಬಟ್ಟೆಯ ಮೇಲೆ ಯುವಜನರಿಂದ ಬರೆಯಿಸಿದೆವು. ತೆಂಗಿನ ಗರಿ, ಮಾವಿನ ಸೊಪ್ಪು, ಅಡಿಕೆಯ ಹಿಂಗಾರಗಳಿಂದ ಚಪ್ಪರ ಸಿಂಗರಿಸಿದೆವು. ಬಾಟಲಿಗಳನ್ನು ಬಿಟ್ಟು ನೀರಿನ ಹಂಡೆಗಳನ್ನಿಟ್ಟೆವು. ಎಲ್ಲವೂ ಸುಸೂತ್ರವಾಗಿ ನಡೆಯಿತೆಂದರೆ ಸುಳ್ಳಾದೀತು. ಹಂಡೆಗಳು ಒಂದೇ ಕಡೆ ಇದ್ದುದರಿಂದ ನೂಕುನುಗ್ಗಲಾಯಿತು. ವೃದ್ಧರು ಬಿಸಿಲಿನಲ್ಲಿ ಕಾಯಬೇಕಾಯಿತು. ಕಾಗದದ ಲೋಟಗಳನ್ನು ನಿರಪಾಯವೆಂದು ತರಿಸಿದ್ದೆವು. ಅವುಗಳ ಒಳಮೈಯಲ್ಲಿಯೂ ತೆಳುವಾದ ಪ್ಲಾಸ್ಟಿಕ್ ಲೇಪನವಿರುವುದು ಗೊಬ್ಬರದ ಗುಂಡಿಯಲ್ಲಿ ಅವು ಕೊಳೆಯದೆ ಉಳಿದಾಗಲೇ ನಮಗೆ ಅರಿವಾಯಿತು. ಅಭ್ಯಾಸಬಲದಿಂದ ಅನ್ನವನ್ನೂ ಹೆಚ್ಚಾಗಿ ಬೇಯಿಸಿಬಿಟ್ಟೆವು. ಈ ಮೂರು ತಪ್ಪುಗಳೇ ಮಹೋತ್ಸವದ ಯೋಜನೆಗೆ ನಮ್ಮ ಗುರುಗಳಾಗಿವೆ.

ಮೊದಲನೆಯದು ಊಟ. ಮಹೋತ್ಸವಕ್ಕೆ 1,500 ಮಂದಿ ಬರುವರೆಂದು ಇಟ್ಟುಕೊಳ್ಳೋಣ. ಪ್ರತಿಯೊಬ್ಬರ ತಟ್ಟೆಯಲ್ಲಿ ಒಂದು ಹಿಡಿ, ಅಂದರೆ 50 ಗ್ರಾಂ ಅನ್ನ ಉಳಿದರೂ 75 ಕಿಲೋ ಅನ್ನ ಮಣ್ಣುಪಾಲಾಗುತ್ತದೆ. ಆದುದರಿಂದ ಗುರಿಕಾರರು ಮನೆಮನೆಗೆ ಹೋಗಿ ಊಟಕ್ಕೆ ಬರುವವರ ಲೆಕ್ಕವನ್ನು ಒಂದು ವಾರ ಮೊದಲೇ ಒಪ್ಪಿಸಬೇಕೆಂದು ಪ್ರಾರ್ಥಿಸುತ್ತೇವೆ. ಅಕ್ಕಿಯನ್ನು ಒಮ್ಮೆಗೇ ಬೇಯಿಸದೆ ಎರಡು ಮೂರು ಕಂತುಗಳಲ್ಲಿ ಬೇಯಿಸಲು ಅಡುಗೆಯವರು ಒಪ್ಪಿದ್ದಾರೆ. ಮೊದಲು ಸ್ವಲ್ಪ ಬಡಿಸಿ, ಬೇಕೆಂದವರಿಗೆ ಮತ್ತೆ ಬಡಿಸುವುದು. ಪಂಕ್ತಿಭೋಜನದ ಹಳೆಯ ಕ್ರಮ ಇದೇ ಅಲ್ಲವೇ? ಮುಟ್ಟದೆ ಉಳಿದ ಆಹಾರವನ್ನು ನಮ್ಮ ಕಡಲತೀರದ ಸೆಕೆಯಲ್ಲಿ ಕೆಡುವ ಮೊದಲೇ ತಲುಪಿಸಲು ಸಂತ ವಿನ್ಸೆಂಟ್ ದಿ ಪೌಲ್ ಸಭೆಯವರು ವಾಹನದೊಡನೆ ಸಿದ್ಧರಿರುತ್ತಾರೆ.

ಎರಡನೆಯದು ತಟ್ಟೆ ಮತ್ತು ನೀರು. ಸ್ಟೀಲ್ ತಟ್ಟೆಗಳನ್ನು ಮತ್ತೆ ಮತ್ತೆ ಬಳಸಬಹುದು, ಆದರೆ ತೊಳೆಯಲು ನೀರು ಬೇಕು. ಮಹೋತ್ಸವ ಬೇಸಗೆಯಲ್ಲಿ ಬರುವುದರಿಂದ, ಬಾವಿಯ ನೀರು ತಳಕ್ಕಿಳಿಯುವ ಆ ದಿನಗಳಲ್ಲಿ ಬಾಳೆ ಎಲೆ ಮತ್ತು ಅಡಿಕೆ ಹಾಳೆಯ ತಟ್ಟೆಗಳೇ ಲೇಸೆಂದು ತೀರ್ಮಾನಿಸಿದ್ದೇವೆ. ಹಾಳೆ ಮರದಿಂದ ತಾನಾಗಿ ಉದುರುವ ವಸ್ತು. ಅದಕ್ಕಾಗಿ ಯಾವ ಮರವನ್ನೂ ಕಡಿಯಬೇಕಾಗಿಲ್ಲ. ಹಣವೂ ನಮ್ಮ ನೆರೆಹೊರೆಯ ಕೃಷಿಕರಿಗೇ ಸೇರುತ್ತದೆ. 1,500 ಮಂದಿ ತಲಾ ಎರಡು ಬಾಟಲಿ ನೀರು ಕುಡಿದರೆ 3,000 ಬಾಟಲಿಗಳ ರಾಶಿಯಾಗುತ್ತದೆ. ಅದರ ಬದಲು ಈ ಬಾರಿ ಹಂಡೆಗಳನ್ನು ನಾಲ್ಕು ಮೂಲೆಗಳಲ್ಲಿ ನೆರಳಿನಲ್ಲಿರಿಸುತ್ತೇವೆ. ಶಾಲೆಯ ಸ್ಟೀಲ್ ಲೋಟಗಳನ್ನು ಕೊಡಲು ಕನ್ಯಾಭಗಿನಿಯರು ಒಪ್ಪಿದ್ದಾರೆ. ಲೋಟ ತೊಳೆಯಲು ತಟ್ಟೆಗೆ ಬೇಕಾದಷ್ಟು ನೀರು ಬೇಡ. ವೃದ್ಧರು ಕುಳಿತಲ್ಲಿಗೇ ನೀರು ಒಯ್ಯುವುದು ಯುವಜನರ ಹೊಣೆ.

ಮೂರನೆಯದು ಕಸ. ಊಟದ ಬಾಗಿಲಲ್ಲೇ ಎರಡು ಬುಟ್ಟಿಗಳಿರುತ್ತವೆ: ಎಂಜಲು ಹಾಗೂ ಎಲೆಗೆ ಒಂದು, ಒಣಕಸಕ್ಕೆ ಇನ್ನೊಂದು. ಪ್ರತಿ ಬುಟ್ಟಿಯ ಬಳಿ ಒಬ್ಬ ಸ್ವಯಂಸೇವಕರು ನಿಲ್ಲಬೇಕು. ಫಲಕ ನೆಟ್ಟರೆ ಸಾಲದೆಂಬುದು ನಮ್ಮ ಅನುಭವ. ಹಸಿಕಸಕ್ಕಾಗಿ ತೆಂಗಿನ ತೋಟದಲ್ಲಿ ಗುಂಡಿ ತೋಡಿದೆ. ಒಂದು ಪದರ ಎಂಜಲಿನ ಮೇಲೆ ಒಂದು ಪದರ ತರಗೆಲೆ, ತೆಳುವಾಗಿ ಮಣ್ಣು; ಹೀಗೆ ಮುಚ್ಚುತ್ತಾ ಬಂದರೆ ನಾತವೂ ಇಲ್ಲ, ನೊಣವೂ ಇಲ್ಲ, ಮುಂದಿನ ಮಳೆಗಾಲಕ್ಕೆ ಗೊಬ್ಬರವೂ ಆಗುತ್ತದೆ. ಬೆಂಕಿಯನ್ನಂತೂ ಯಾವ ಕಾರಣಕ್ಕೂ ಹಚ್ಚಕೂಡದು.

ಉಳಿದ ವಿಷಯಗಳು ಚಿಕ್ಕವು. ದೂರದ ವಾರ್ಡುಗಳಿಗೆ ತಲಾ ಒಂದು ಬಸ್ಸು ಗೊತ್ತುಮಾಡುತ್ತೇವೆ. ಹತ್ತಿರದವರು ಮೆರವಣಿಗೆಯಂತೆ ನಡೆದೇ ಬರಲಿ. ಗರ್ನಾಲುಗಳ ಬದಲು ಗಂಟೆಯನ್ನು ಮೊಳಗಿಸೋಣ. ಧ್ವನಿವರ್ಧಕ ರಾತ್ರಿ ಹತ್ತರ ಮೊದಲೇ ಮೌನವಾಗಲಿ. ಸ್ಮರಣ ಸಂಚಿಕೆಯನ್ನು ಮನೆಗೊಂದರಂತೆ ಎಣಿಸಿಯೇ ಮುದ್ರಿಸೋಣ.

ಇದರಿಂದ ಖರ್ಚು ಹೆಚ್ಚುವುದಿಲ್ಲವೇ ಎಂದು ಹಿರಿಯರೊಬ್ಬರು ಕೇಳಿದ್ದಾರೆ. ಹಾಳೆಯ ತಟ್ಟೆಗೆ ಬೆಲೆ ಹೆಚ್ಚು ಎಂಬುದು ನಿಜ. ಆದರೆ ಫ್ಲೆಕ್ಸ್, ಬಾಟಲಿ, ಪಟಾಕಿಗಳ ಹಣ ಉಳಿಯುತ್ತದೆ. ಫ್ಲೆಕ್ಸ್‌ನಲ್ಲಿ ಭಾವಚಿತ್ರ ಹಾಕದಿದ್ದರೆ ದಾನಿಗಳು ನೊಂದುಕೊಳ್ಳುವುದಿಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ದಾನಿಯೊಬ್ಬರ ಬಳಿ ಅಳುಕುತ್ತಲೇ ಈ ಮಾತನ್ನೆತ್ತಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಫಲಕದ ಹಣದಿಂದ ಮಳೆನೀರನ್ನು ಬಾವಿಗೆ ಇಳಿಸುವ ಕೊಳವೆ ಹಾಕಿಸಿರಿ, ಹೆಸರು ಬೇಡ ಎಂದರು. ಅವರ ಇಚ್ಛೆಯಂತೆ ಅವರ ಹೆಸರನ್ನು ಇಲ್ಲಿ ಹೇಳುವುದಿಲ್ಲ.

ಕೊನೆಯದಾಗಿ ಒಂದು ವಿನಂತಿ. ಮಹೋತ್ಸವದ ಮರುದಿನವೂ ಕೃತಜ್ಞತಾ ಬಲಿಪೂಜೆಯಿದೆ. ಹಿಂದಿನ ರಾತ್ರಿಯೇ ವಾರ್ಡಿಗೆ ಹತ್ತು ಮಂದಿಯಂತೆ ನಿಂತು ಮೈದಾನವನ್ನು ಸ್ವಚ್ಛಗೊಳಿಸಿಯೇ ಮನೆಗೆ ಹೋಗೋಣ. ಹೆಸರು ಕೊಡುವವರಿಗಾಗಿ ಪುಸ್ತಕವನ್ನು ಬಾಗಿಲ ಬಳಿ ಇರಿಸಿದೆ. ಸ್ವಾಗತ ಸಮಿತಿಯ ಸದಸ್ಯರಾದ ನಮ್ಮ ಹೆಸರುಗಳನ್ನು ಮೊದಲು ಬರೆದಿದ್ದೇವೆ. ಅಂದು ಹೊರಗೆ ಉಳಿದ ಆ ಇಬ್ಬರು ಸೋದರಿಯರನ್ನು ಈ ಬಾರಿ ಬಲಿಪೂಜೆಯಲ್ಲಿ ಕಾಣಿಕೆಗಳನ್ನು ಪೀಠಕ್ಕೆ ತರುವಂತೆ ಪೂಜ್ಯ ಗುರುಗಳು ಆಹ್ವಾನಿಸಿದ್ದಾರೆ. ಅವರು ಬರಬೇಕಾದರೆ ಅಂದು ಬೆಳಿಗ್ಗೆ ನಮ್ಮ ಮೈದಾನದಲ್ಲಿ ಅವರಿಗೆ ಕೆಲಸವಿರಬಾರದು.

ಸೃಷ್ಟಿಕರ್ತರಾದ ದೇವರು ನಮ್ಮ ಈ ಸಂಕಲ್ಪವನ್ನು ಆಶೀರ್ವದಿಸಲಿ.