ಸಿಗಡಿಯೂ ಹುಳದ ನೆಂಟನೇ



ಅಘನಾಶಿನಿ ದಂಡೆಯ ಗಜನಿಯಲ್ಲಿ ಸಂಘದ ಸಾಲ ತೆಗೆದು ಸಿಗಡಿ ಬಿಟ್ಟವರು ನಾವು. ಸಿಗಡಿ ಸತ್ತರೆ ಬಿಳಿಚುಕ್ಕೆ ರೋಗ ಅಂದುಬಿಡ್ತೀವಿ. ನೀರಿಗೆ ಸೇರಿದ ವಿಷ ನೆನಪಾಗೋದೇ ಇಲ್ಲ.

ಸಿಗಡಿ ಮೀನಲ್ಲ, ಹುಳದ ನೆಂಟ. ಹುಳ ಕೊಲ್ಲುವ ಔಷಧಿ ಅದನ್ನೂ ಬಿಡೋದಿಲ್ಲ. ದನದ ಉಣುಗಿಗೆ ಹಚ್ಚುವ ಸೈಪರ್‌ಮೆಥ್ರಿನ್ ಹತ್ತು ಲಕ್ಷ ಲೀಟರ್ ನೀರಿಗೆ ಒಂದು ಗ್ರಾಂ ಸೇರಿದರೂ ಸಿಗಡಿ ಸಾಯಬಹುದು. ಒಂದು ಎಕರೆ ಕೆರೆಯಲ್ಲಿ ಒಂದು ಮೀಟರ್ ನೀರಿದ್ದರೆ ಸುಮಾರು 40 ಲಕ್ಷ ಲೀಟರ್. ಅಂದರೆ 4 ಗ್ರಾಂ ಸಾಕು! ಚಿಪ್ಪು ಕಳಚಿದ ದಿನ ಮೈ ಮೆತ್ತಗಿರುತ್ತೆ, ಆಗಂತೂ ತಡೆದುಕೊಳ್ಳೋದಿಲ್ಲ.

ಹಾಗಾಗಿ ದನ ತೊಳೆದ ನೀರು, ಔಷಧಿಯ ಖಾಲಿ ಬಾಟಲಿ ತೋಡಿಗೆ ಬೇಡ. ಮೇಲಿನ ಗದ್ದೆಯವರು ಔಷಧಿ ಹೊಡೆಯುವ ದಿನ ಮೊದಲೇ ಕೇಳಿಟ್ಟುಕೊಳ್ಳೋಣ. ಕೇಳೋಕೆ ನಾಚಿಕೆ ಯಾಕೆ? ಅಂದು ಕೆರೆಗೆ ತೋಡಿನ ನೀರು ಬಿಡೋದು ಬೇಡ.